ಬೊಂತೆ ಯಾರ ಪಾಲು?

ಬಂಗಾರಪೇಟೆಯ ಸುತ್ತಮುತ್ತಲ ಹಳ್ಳಿಗಳಿಂದ ಬರುವ ಪದವಿ ವಿದ್ಯಾರ್ಥಿಗಳಿಗೆ ನಾನು ಕೆಲವು ವರ್ಷಗಳಿಂದ ಆಲಿಸ್ ವಾಕರ್ ಅವರ ‘ಎವೆರಿಡೇ ಯೂಸ್’ ಕಥೆಯನ್ನು ಓದಿಸುತ್ತಿದ್ದೇನೆ. ಪ್ರತಿ ವರ್ಷವೂ ತರಗತಿ ಕೊಡುವ ತೀರ್ಪು ಒಂದೇ: ಡೀ ಕೆಟ್ಟವಳು, ಮ್ಯಾಗಿ ಒಳ್ಳೆಯವಳು, ತಾಯಿ ಮಾಡಿದ್ದು ಸರಿ. ಇದನ್ನು ಹೇಳುವಾಗ ಅವರಿಗೆ ಯಾವ ಅನುಮಾನವೂ ಇರುವುದಿಲ್ಲ. ಮೊದಮೊದಲು ನನಗೂ ಇರಲಿಲ್ಲ. ಆದರೆ ಊರಿಗಾಂನ ನಮ್ಮ ಮನೆಯಲ್ಲಿ ಒಂದು ಹಳೆಯ ಬೊಂತೆಯ ವಿಚಾರ ಎದ್ದ ಮೇಲೆ ಈ ತೀರ್ಪು ಅಷ್ಟು ಸಲೀಸಲ್ಲ ಅನ್ನಿಸತೊಡಗಿತು. ಕಥೆಯನ್ನು ನಾವು ಅದರ ಕೊನೆಯಿಂದ ಹಿಂದಕ್ಕೆ ಓದುತ್ತಿದ್ದೇವೆ, ನಡುವೆ ಇರುವ ಒಂದು ಮಾತನ್ನು ದಾಟಿಹೋಗುತ್ತಿದ್ದೇವೆ ಎಂಬುದು ನನ್ನ ತಕರಾರು.

ಕಥೆ ಗೊತ್ತಿಲ್ಲದವರಿಗಾಗಿ ಸಂಗ್ರಹವಾಗಿ ಹೇಳುತ್ತೇನೆ. ಇದು 1973ರಲ್ಲಿ ಬಂದ ‘ಇನ್ ಲವ್ ಅಂಡ್ ಟ್ರಬಲ್’ ಸಂಕಲನದಲ್ಲಿದೆ. ಅಮೆರಿಕದ ದಕ್ಷಿಣದ ಹಳ್ಳಿಯೊಂದರಲ್ಲಿ ಕಪ್ಪು ಜನಾಂಗದ ತಾಯಿಯೊಬ್ಬಳು ಕಿರಿಯ ಮಗಳು ಮ್ಯಾಗಿಯ ಜೊತೆ ಇದ್ದಾಳೆ. ಕಥೆ ಹೇಳುವವಳೂ ಆಕೆಯೇ. ಮೈಮುರಿದು ದುಡಿದವಳು, ಶಾಲೆ ಹೆಚ್ಚು ಕಂಡವಳಲ್ಲ. ಹಿಂದೆ ಮನೆಗೆ ಬೆಂಕಿ ಬಿದ್ದಾಗ ಮ್ಯಾಗಿಯ ಮೈಮೇಲೆ ಸುಟ್ಟ ಗಾಯಗಳಾಗಿವೆ. ಆಕೆ ಯಾರ ಎದುರೂ ತಲೆಯೆತ್ತಿ ನಿಲ್ಲುವವಳಲ್ಲ. ಹಿರಿಯ ಮಗಳು ಡೀ ಓದಿ ಪಟ್ಟಣ ಸೇರಿದವಳು. ಅವಳು ಗೆಳೆಯನೊಂದಿಗೆ ಮನೆಗೆ ಬರುತ್ತಾಳೆ. ಈಗ ಅವಳ ಹೆಸರು ವಾಂಗೆರೋ. ಬಂದವಳೇ ಕ್ಯಾಮೆರಾ ತೆಗೆದು ತಾಯಿ, ತಂಗಿ, ಮನೆ ಎಲ್ಲವೂ ಬರುವಂತೆ ಫೋಟೋ ತೆಗೆಯುತ್ತಾಳೆ. ಬೆಣ್ಣೆ ಕಡೆಯುವ ಕೊಳಗದ ಮುಚ್ಚಳ ಬೇಕು ಅನ್ನುತ್ತಾಳೆ, ಕಡೆಗೋಲು ಬೇಕು ಅನ್ನುತ್ತಾಳೆ. ಕೊನೆಗೆ ಪೆಟ್ಟಿಗೆಯಲ್ಲಿದ್ದ ಎರಡು ಹಳೆಯ ಕ್ವಿಲ್ಟ್‌ಗಳನ್ನು ಎತ್ತಿಕೊಳ್ಳುತ್ತಾಳೆ. ಅವನ್ನು ತಾಯಿ ಮ್ಯಾಗಿಯ ಮದುವೆಗೆಂದು ಇಟ್ಟಿದ್ದಾಳೆ. ಡೀ ಅವನ್ನು ಗೋಡೆಗೆ ತೂಗುಹಾಕಬೇಕು ಎನ್ನುತ್ತಾಳೆ; ಮ್ಯಾಗಿಗೆ ಕೊಟ್ಟರೆ ದಿನಾ ಹೊದ್ದು ಐದು ವರ್ಷದಲ್ಲಿ ಚಿಂದಿ ಮಾಡುತ್ತಾಳೆ ಎಂದು ದೂರುತ್ತಾಳೆ. ತಾಯಿ ಅವಳ ಕೈಯಿಂದ ಅವನ್ನು ಕಿತ್ತು ಮ್ಯಾಗಿಯ ಮಡಿಲಿಗೆ ಹಾಕುತ್ತಾಳೆ.

ಕ್ವಿಲ್ಟ್ ಎಂದಾಗ ನಮ್ಮ ಹುಡುಗರಿಗೆ ಅರ್ಥ ಹೇಳಬೇಕಾಗುವುದಿಲ್ಲ. ಉತ್ತರ ಕರ್ನಾಟಕದವರಿಗೆ ಅದು ಕೌದಿ, ನಮ್ಮ ಕಡೆ ಬೊಂತೆ. ತೆಲುಗಿನವರಿಗೆ ಬೊಂತ. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆ ಇನ್ನೂ ಬಾಯಲ್ಲಿದೆ. ಗಾದೆಯ ‘ಕಂತೆ’ ಎಂದರೆ ಸಂಸ್ಕೃತದ ಕಂಥಾ, ಚಿಂದಿಗಳನ್ನು ಸೇರಿಸಿ ಹೊಲಿದ ಸನ್ಯಾಸಿಯ ಹೊದಿಕೆ. ಬಂಗಾಳದ ಕಾಂಥಾ ಕೂಡ ಅದೇ ಮಾತು. ಹರಿದದ್ದನ್ನು ಹರಿದದ್ದಕ್ಕೆ ಸೇರಿಸಿ ಸೂಜಿ ಎಳೆಯುವ ಕೆಲಸಕ್ಕೆ ಈ ನೆಲದ ಎಲ್ಲ ಭಾಷೆಗಳಲ್ಲೂ ಹೆಸರಿದೆ. ಸೂಜಿಯಂತೂ ನೇಯ್ಗೆಗಿಂತ ಎಷ್ಟೋ ಹಳೆಯದು. ಸೈಬೀರಿಯದ ದೆನಿಸೋವಾ ಗುಹೆಯಲ್ಲಿ ಸಿಕ್ಕ, ಕಣ್ಣು ಕೊರೆದ ಮೂಳೆಯ ಸೂಜಿಯ ವಯಸ್ಸನ್ನು ಸುಮಾರು 50,000 ವರ್ಷ ಎನ್ನುತ್ತಾರೆ. ಇಷ್ಟು ಹಳೆಯ ಕೆಲಸವಾದರೂ ನಮ್ಮ ವಿಮರ್ಶೆಯ ಭಾಷೆಯಲ್ಲಿ ಅದಕ್ಕೆ ಮರ್ಯಾದೆ ಇಲ್ಲ. ಒಳ್ಳೆಯ ಕಾದಂಬರಿಗೆ ‘ಬಿಗಿಯಾದ ನೇಯ್ಗೆ’ ಇದೆ ಅನ್ನುತ್ತೇವೆ, ಕೆಟ್ಟದ್ದಕ್ಕೆ ‘ತೇಪೆ ಹಾಕಿದ್ದಾರೆ’ ಅನ್ನುತ್ತೇವೆ. ಮಗ್ಗಕ್ಕೆ ಸಿಕ್ಕ ಗೌರವ ಸೂಜಿಗೆ ಸಿಗಲಿಲ್ಲ. ತೇಪೆಯನ್ನೇ ನಡುವಿಟ್ಟುಕೊಂಡ ಈ ಕಥೆಯನ್ನು ಓದಿಸುವುದಕ್ಕೆ ನನಗೆ ಇದೂ ಒಂದು ಕಾರಣ.

ಮೊದಲು ಡೀಯ ಪರವಾಗಿ ಒಂದು ಮಾತು. ಕ್ವಿಲ್ಟನ್ನು ಗೋಡೆಗೆ ತೂಗುಹಾಕುವ ಯೋಚನೆ ಅವಳ ತಲೆಯಲ್ಲಿ ಹುಟ್ಟಿದ್ದಲ್ಲ. ಕಥೆ ಪ್ರಕಟವಾಗುವ ಎರಡು ವರ್ಷ ಮೊದಲು, 1971ರಲ್ಲಿ, ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅಮೆರಿಕದ ಹಳೆಯ ಕ್ವಿಲ್ಟ್‌ಗಳನ್ನು ಅಮೂರ್ತ ವರ್ಣಚಿತ್ರಗಳ ಹಾಗೆ ಬಿಳಿಗೋಡೆಗೆ ತೂಗುಹಾಕಿ ಪ್ರದರ್ಶನ ನಡೆಸಿತ್ತು. ಆ ಪ್ರದರ್ಶನ ಕ್ವಿಲ್ಟನ್ನು ಹಾಸಿಗೆಯಿಂದ ಎಬ್ಬಿಸಿ ಕಲೆಯ ಸಾಲಿಗೆ ತಂದು ಕೂರಿಸಿತು. ಡೀ ಆ ಕಾಲದ ಓದಿದ ಹುಡುಗಿ. ಕಾಲೇಜಿಗೆ ಹೊರಟಾಗ ತಾಯಿ ಕೊಡಲು ಬಂದ ಕ್ವಿಲ್ಟನ್ನು ಅದೆಲ್ಲ ಹಳೇಕಾಲದ್ದು ಎಂದು ಬೇಡವೆಂದವಳು, ಈಗ ಅದೇ ಬೇಕು ಎನ್ನುತ್ತಾಳೆ. ಇದನ್ನು ಸೋಗು ಎನ್ನಬಹುದು. ಆದರೆ ಊರು ಬಿಟ್ಟ ಮೇಲೇ ಊರಿನ ವಸ್ತು ಕಣ್ಣಿಗೆ ಬೀಳುವುದು ಅವಳೊಬ್ಬಳ ಅನುಭವವೇ? ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ನಮ್ಮೂರಿನ ಸಾವಿರಾರು ಜನರಲ್ಲಿ ಎಷ್ಟು ಮಂದಿ ಡೀಗಳಿಲ್ಲ? ಸಯನೈಡ್ ದಿಬ್ಬದ ಮೇಲೆ ಹತ್ತಿ ಫೋಟೋ ತೆಗೆಯುವವರಲ್ಲಿ ಹೆಚ್ಚಿನವರು ಅಲ್ಲಿಂದ ಹೊರಟುಹೋದವರೇ.

ಇಂಗ್ಲಿಷ್ ವಿಮರ್ಶೆಯಲ್ಲೂ ಈ ಜಗಳ ನಡೆದಿದೆ. ಹ್ಯೂಸ್ಟನ್ ಬೇಕರ್ ಮತ್ತು ಷಾರ್ಲೆಟ್ ಪಿಯರ್ಸ್-ಬೇಕರ್ 1985ರಲ್ಲಿ ಬರೆದ ಪ್ರಸಿದ್ಧ ಲೇಖನ ಮ್ಯಾಗಿಯನ್ನೇ ಪರಂಪರೆಯ ನಿಜವಾದ ವಾರಸುದಾರಳೆಂದು ಎತ್ತಿಹಿಡಿಯಿತು. ಮುಂದೆ 1998ರಲ್ಲಿ ಸೂಸನ್ ಫಾರೆಲ್ ಡೀಯನ್ನು ಮರುಪರಿಶೀಲಿಸಬೇಕೆಂದು ವಾದಿಸಿದರು: ನಾವು ಡೀಯನ್ನು ನೋಡುವುದು ತಾಯಿಯ ಕಣ್ಣಿನಿಂದ ಮಾತ್ರ, ಆ ಕಣ್ಣಿನಲ್ಲಿ ಮಗಳ ಬಗ್ಗೆ ಭಯವೂ ಅಸೂಯೆಯೂ ಇದೆ. ಎರಡು ಕಡೆಯ ವಾದದಲ್ಲೂ ಹುರುಳಿದೆ. ಆದರೆ ಇಬ್ಬರ ಚರ್ಚೆಯೂ ಕ್ವಿಲ್ಟ್ ಯಾರಿಗೆ ಸೇರಬೇಕು ಎಂಬಲ್ಲಿಗೇ ಬಂದು ನಿಲ್ಲುತ್ತದೆ. ಕಥೆ ಮಾತ್ರ ಅದಕ್ಕಿಂತ ಒಂದು ಹೆಜ್ಜೆ ಮುಂದಿದೆ.

ಆ ಹೆಜ್ಜೆ ಇರುವುದು ತಾಯಿಯ ಒಂದು ಸಣ್ಣ ಉತ್ತರದಲ್ಲಿ. ಮ್ಯಾಗಿ ಬಳಸಿ ಬಳಸಿ ಕ್ವಿಲ್ಟನ್ನು ಹರಿದುಬಿಡುತ್ತಾಳೆ ಎಂದು ಡೀ ಕೂಗಾಡಿದಾಗ, ಹರಿದರೆ ಇನ್ನಷ್ಟು ಮಾಡಿಕೊಳ್ಳುತ್ತಾಳೆ, ಅವಳಿಗೆ ಹೊಲಿಯಲು ಬರುತ್ತದೆ ಎಂದು ತಾಯಿ ಹೇಳುತ್ತಾಳೆ. ನಾನು ಹೇಳಿದ ಆ ನಡುವಿನ ಮಾತು ಇದೇ. ಡೀಗೆ ಪರಂಪರೆ ಎಂದರೆ ಮಾಡಿ ಮುಗಿದ ವಸ್ತು; ಅದು ಹೋದರೆ ಹೋಯಿತು. ತಾಯಿಗೆ ಅದು ಕೈಕೆಲಸ. ವಸ್ತು ಹೋದರೂ ಕೈ ಉಳಿದಿರುತ್ತದೆ. ಮ್ಯಾಗಿ ಆಡುವ ಮಾತೂ ಇದಕ್ಕೆ ಹೊಂದುತ್ತದೆ. ಕ್ವಿಲ್ಟ್ ಇಲ್ಲದೆಯೂ ಅಜ್ಜಿಯನ್ನು ನೆನೆಯಬಲ್ಲೆ, ಅವಳೇ ತೆಗೆದುಕೊಳ್ಳಲಿ ಎಂದು ಆಕೆ ಬಿಟ್ಟುಕೊಡುತ್ತಾಳೆ. ನನ್ನ ವಿದ್ಯಾರ್ಥಿಗಳು ಇದನ್ನು ತ್ಯಾಗ ಎನ್ನುತ್ತಾರೆ. ನನಗೆ ಅದರಲ್ಲಿ ತ್ಯಾಗಕ್ಕಿಂತ ಹೆಚ್ಚಾಗಿ ಧೈರ್ಯ ಕಾಣುತ್ತದೆ. ಅಜ್ಜಿಯಿಂದಲೂ ದೊಡ್ಡಮ್ಮನಿಂದಲೂ ಸೂಜಿ ಹಿಡಿಯಲು ಕಲಿತವಳಿಗೆ ಅವರನ್ನು ನೆನೆಯಲು ಪೆಟ್ಟಿಗೆ ತೆರೆಯಬೇಕಾಗಿಲ್ಲ.

ಹಾಗೆಂದು ತಾಯಿ ಕೈಕೆಲಸವನ್ನು ಪೂಜಿಸುವವಳೂ ಅಲ್ಲ. ಬೇರೆ ಒಂದೆರಡು ಕ್ವಿಲ್ಟ್ ಕೊಡುತ್ತೇನೆ ಎಂದು ಅವಳು ಹೇಳಿದಾಗ ಡೀ ಬೇಡ ಎನ್ನುತ್ತಾಳೆ. ಅವುಗಳ ಅಂಚಿಗೆ ಮಿಷಿನ್ ಹೊಲಿಗೆ ಬಿದ್ದಿದೆಯಂತೆ. ಹಾಗಿದ್ದರೆ ಇನ್ನೂ ಚೆನ್ನಾಗಿ ಬಾಳಿಕೆ ಬರುತ್ತದಲ್ಲ ಎನ್ನುವುದು ತಾಯಿಯ ಉತ್ತರ. ಈ ಒಂದು ಮಾತಿನಲ್ಲಿ ಇಬ್ಬರ ಲೋಕವೂ ಇದೆ. ಕೈಹೊಲಿಗೆ ಪವಿತ್ರ, ಮಿಷಿನ್ ಹೊಲಿಗೆ ಅಪವಿತ್ರ ಎಂಬುದು ಕೊಳ್ಳುವವರ ನಂಬಿಕೆ. ಹೊಲಿಯುವವರಿಗೆ ಬೇಕಿರುವುದು ಅಂಚು ಬಿಚ್ಚಿಕೊಳ್ಳಬಾರದು ಅಷ್ಟೆ. ಕರಕುಶಲ ಮೇಳಗಳಲ್ಲಿ ‘ಸಂಪೂರ್ಣ ಕೈಹೊಲಿಗೆ’ ಎಂದು ಬರೆದ ಚೀಟಿ ನೋಡಿದಾಗಲೆಲ್ಲ ನನಗೆ ಈ ತಾಯಿ ನೆನಪಾಗುತ್ತಾಳೆ.

ಈಗ ನಮ್ಮ ಮನೆಯ ಬೊಂತೆಗೆ ಬರುತ್ತೇನೆ. ಅದನ್ನು ಹೊಲಿದದ್ದು ನನ್ನ ಅಜ್ಜಿ. ಲೈನ್ ಮನೆಯ ಮುಂದಿನ ಜಾಗದಲ್ಲಿ ಚಾಪೆ ಹಾಸಿ, ಅದರ ಮೇಲೆ ಒಗೆದು ಒಣಗಿಸಿದ ಹತ್ತಿ ಸೀರೆಯೊಂದನ್ನು ಸುಕ್ಕಿಲ್ಲದಂತೆ ಹರಡುತ್ತಿದ್ದಳು. ನಡುವೆ ತೀರ ಹಳೆಯ ಬಟ್ಟೆಗಳು, ಪಂಚೆ, ಲಂಗ, ಅಂಗಿಯ ಬೆನ್ನು. ಮೇಲೆ ಸ್ವಲ್ಪ ಗಟ್ಟಿ ಇರುವ ತುಂಡುಗಳು. ಎಲ್ಲಿ ಯಾವುದು ಎಂಬುದನ್ನು ಅವಳೇ ನಿರ್ಧರಿಸಬೇಕು, ಅದರಲ್ಲಿ ಇನ್ನೊಬ್ಬರ ಮಾತು ನಡೆಯುತ್ತಿರಲಿಲ್ಲ. ಸೂಜಿ ಗೋಣಿಚೀಲ ಹೊಲಿಯುವ ದಬ್ಬಣಕ್ಕಿಂತ ಸಣ್ಣದು, ರವಿಕೆ ಹೊಲಿಯುವ ಸೂಜಿಗಿಂತ ದಪ್ಪನೆಯದು. ದಪ್ಪ ಹೆಚ್ಚಾದರೆ ಹಳೆಯ ಬಟ್ಟೆಯಲ್ಲಿ ತೂತು ಉಳಿಯುತ್ತದೆ, ಕಡಿಮೆಯಾದರೆ ನಾಲ್ಕೈದು ಪದರ ದಾಟುವಷ್ಟರಲ್ಲಿ ಬಾಗುತ್ತದೆ. ನೂಲನ್ನು ಎರಡೆಳೆ ಮಾಡಿ ಪೋಣಿಸುತ್ತಿದ್ದಳು. ಬೆರಳಿಗೆ ಅಂಗುಸ್ತಾನ ಇರಲಿಲ್ಲ, ಬಟ್ಟೆಯ ಚೂರೊಂದನ್ನು ಸುತ್ತಿಕೊಳ್ಳುತ್ತಿದ್ದಳು. ಮೇಲೆ ಕೆಳಗೆ, ಮೇಲೆ ಕೆಳಗೆ, ಅಂಚಿನಿಂದ ಅಂಚಿಗೆ ಸಾಲು ಹೊಲಿಗೆ. ಬೇರೆ ಹೊಲಿಗೆ ಇಲ್ಲ. ಆ ಸಾಲುಗಳೇ ಪದರಗಳನ್ನು ಹಿಡಿದಿಡುತ್ತಿದ್ದದ್ದು, ಗಾಳಿಯನ್ನು ನಡುವೆ ಕೂರಿಸಿ ಬೆಚ್ಚಗೆ ಮಾಡುತ್ತಿದ್ದದ್ದು.

ನಮ್ಮ ಬೊಂತೆಯ ಒಂದು ಮೂಲೆಯಲ್ಲಿ ಖಾಕಿ ತುಂಡೊಂದಿದೆ. ಅಪ್ಪ ಗಣಿಗೆ ಹಾಕಿಕೊಂಡು ಹೋಗುತ್ತಿದ್ದ ಅಂಗಿಯ ತೋಳು ಅದು. ವಾಕರ್ ಅವರ ಕಥೆಯಲ್ಲೂ ಇಂಥದೊಂದು ತುಂಡಿದೆ: ಅಂತರ್ಯುದ್ಧದಲ್ಲಿ ಮುತ್ತಜ್ಜ ತೊಟ್ಟಿದ್ದ ಸಮವಸ್ತ್ರದ್ದು, ಬೆಂಕಿಪೆಟ್ಟಿಗೆಯಷ್ಟೇ ಅಗಲದ್ದು. ಇದನ್ನು ಓದಿದಾಗ ನನಗೆ ನಮ್ಮ ಖಾಕಿ ನೆನಪಾದದ್ದು ಸಹಜ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅದಾದ ಮೇಲೆ ನೂರಿಪ್ಪತ್ತು ವರ್ಷಗಳ ಆ ಕೆಲಸದ ಗುರುತಾಗಿ ಬಹಳ ಮನೆಗಳಲ್ಲಿ ಉಳಿದದ್ದು ಇಂಥ ಚೂರುಗಳೇ.

ಕೆಲವು ವರ್ಷಗಳ ಹಿಂದೆ ಗಣಿಯ ಹಳೆಯ ವಸ್ತುಗಳನ್ನು ಸೇರಿಸುತ್ತಿದ್ದ ಗೆಳೆಯನೊಬ್ಬ ಮನೆಗೆ ಬಂದ. ದೀಪ, ಟೋಪಿ, ಬಿಲ್ಲೆ, ಹಾಜರಿ ಪುಸ್ತಕ ಎಲ್ಲ ಸಿಕ್ಕಿದ್ದವು. ಬೊಂತೆ ನೋಡಿ, ಆ ಖಾಕಿ ತುಂಡು ಕಾಣುವಂತೆ ಗೋಡೆಗೆ ತೂಗುಹಾಕೋಣ, ಕೊಡಿ ಎಂದ. ನನಗೆ ಖುಷಿಯೇ ಆಯಿತು, ಒಪ್ಪಿಕೊಂಡುಬಿಟ್ಟೆ. ಅಮ್ಮ ಒಪ್ಪಲಿಲ್ಲ. ಆ ಹೊತ್ತಿನಲ್ಲಿ ನಾನು ಅಂದುಕೊಂಡದ್ದು, ಕಥೆಯ ತಾಯಿಯ ಹಾಗೆ ಇವಳೂ ಇದು ಹೊದೆಯುವ ವಸ್ತು, ನೋಡುವ ವಸ್ತುವಲ್ಲ ಎನ್ನುತ್ತಾಳೆ ಎಂದು. ಹಾಗಾಗಲಿಲ್ಲ. ಅವಳು ಬೊಂತೆಯನ್ನು ಹಾಸಿಗೆಯಿಂದಲೂ ತೆಗೆದು, ನುಸಿಗುಳಿಗೆ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. “ಹರಿದೋದ್ರೆ ಇನ್ಯಾರ್ ಹೊಲೀತಾರೆ? ನಿನಗ್ ಬರ್ತದಾ?” ಎಂದು ಕೇಳಿದಳು.

ನನಗೆ ಬರುವುದಿಲ್ಲ. ಗಂಡುಮಗ ಎಂದು ನನಗೆ ಯಾರೂ ಕಲಿಸಲಿಲ್ಲ, ನಾನೂ ಕೇಳಲಿಲ್ಲ. ಅಮ್ಮನಿಗೆ ಅರ್ಧ ಬರುತ್ತದೆ. ಅತ್ತೆ ಹೊಂದಿಸಿ ಕೊಟ್ಟದ್ದನ್ನು ಸೊಸೆ ಇನ್ನೊಂದು ತುದಿಯಿಂದ ಹೊಲಿಯುತ್ತಾ ಬಂದವಳು ಅವಳು. ಕಥೆಯಲ್ಲೂ ಹೀಗೆಯೇ ಇದೆ: ತುಂಡುಗಳನ್ನು ಹೊಂದಿಸಿ ಜೋಡಿಸಿದವಳು ಅಜ್ಜಿ, ಆಮೇಲೆ ಅದನ್ನು ಮನೆಯ ಮುಂದೆ ಚೌಕಟ್ಟಿಗೆ ಬಿಗಿದು ಪದರಗಳನ್ನು ಸೇರಿಸಿ ಹೊಲಿದವರು ದೊಡ್ಡಮ್ಮ ಮತ್ತು ತಾಯಿ. ಒಂದು ಬೊಂತೆಗೆ ಎರಡು ವಿದ್ಯೆ ಬೇಕು. ನಮ್ಮ ಮನೆಯಲ್ಲಿ ಮೊದಲನೆಯದು ಅಜ್ಜಿಯ ಜೊತೆಗೇ ಹೋಯಿತು.

ಅಮ್ಮನ ಪ್ರಶ್ನೆ ಕೇಳಿದ ಮೇಲೆ ಡೀಯ ಹಠ ನನಗೆ ಬೇರೆಯೇ ಆಗಿ ಕಂಡಿತು. ಹರಿದರೆ ಇನ್ನೊಂದು ಮಾಡಿಕೊಳ್ಳಬಹುದು ಎನ್ನುವ ನಿಶ್ಚಿಂತೆ ಕಲೆ ಬದುಕಿರುವ ಮನೆಯದು. ಕಲೆ ನಿಂತುಹೋದ ಮನೆಯಲ್ಲಿ, ಹೊದ್ದು ಹರಿದುಹೋಗಲಿ ಎನ್ನುವುದು ಔದಾರ್ಯದ ಮಾತಲ್ಲ, ನಾಶದ ಮಾತು. ಡೀಗೆ ಹೊಲಿಯಲು ಬರುವುದಿಲ್ಲ. ಆದ್ದರಿಂದಲೇ ಅವಳಿಗೆ ಭಯ. ಅವಳ ತಪ್ಪು ಆ ಭಯದಲ್ಲಿಲ್ಲ. ಬದುಕಿರುವ ಕೈಯೊಂದು ಬಾಗಿಲ ಬಳಿಯೇ ನಿಂತಿದ್ದರೂ ಅದನ್ನು ನೋಡದೆ ಪೆಟ್ಟಿಗೆಯ ಕಡೆ ನಡೆದದ್ದರಲ್ಲಿದೆ. ಮ್ಯಾಗಿಯನ್ನು ಕೂರಿಸಿಕೊಂಡು ನನಗೂ ಕಲಿಸು ಎಂದು ಅವಳು ಕೇಳಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಕಡೆಗೋಲನ್ನು ಯಾರು ಮಾಡಿದರು ಎಂಬುದು ಮ್ಯಾಗಿಗೆ ಗೊತ್ತಿದೆ, ಹೇಳುತ್ತಾಳೆ ಕೂಡ. ಆಗ ಡೀ ಅವಳ ನೆನಪಿನ ಶಕ್ತಿಯನ್ನು ಆನೆಗೆ ಹೋಲಿಸಿ ನಕ್ಕು ಮುಂದಕ್ಕೆ ಹೋಗುತ್ತಾಳೆ.

ಹಾಸಿಗೆಯೋ ಗೋಡೆಯೋ ಎಂಬ ಈ ಇಬ್ಬಂದಿಯಿಂದ ಹೊರಗೆ ದಾರಿ ಇದೆಯೇ? ಕಥೆಯಲ್ಲಿ ಇಲ್ಲ. ಕರ್ನಾಟಕದಲ್ಲೇ ಒಂದು ಉದಾಹರಣೆ ಇದೆ, ಅದೂ ವಾಕರ್ ಅವರ ಪಾತ್ರಗಳ ದೂರದ ನೆಂಟರಲ್ಲಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿರುವ ಸಿದ್ದಿಗಳ ಪೂರ್ವಜರಲ್ಲಿ ಬಹಳ ಮಂದಿಯನ್ನು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತರಲಾಗಿತ್ತು. ಆ ಸಮುದಾಯದ ಹೆಂಗಸರು ಹೊಲಿಯುವ ಬೊಂತೆಗೆ ಕವಂದಿ ಎಂದು ಹೆಸರು. ಅಡಿಗೆ ಹಳೆಯ ಸೀರೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಸುತ್ತ ತುಂಡುಗಳನ್ನಿಟ್ಟು ಹೊಲಿಯುತ್ತಾ ಒಳಗೊಳಗೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ಅಮೆರಿಕದ ಕ್ವಿಲ್ಟಿನ ಹಾಗೆ ಮೊದಲು ಮೇಲಿನ ಹೊದಿಕೆ ಜೋಡಿಸಿಕೊಂಡು ಆಮೇಲೆ ಪದರ ಸೇರಿಸುವ ಕ್ರಮ ಇಲ್ಲಿಲ್ಲ. ಹೊಂದಿಸುವುದೂ ಹೊಲಿಯುವುದೂ ಒಂದೇ ಓಟದಲ್ಲಿ ಸಾಗುತ್ತವೆ. ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿದ ಹೂವು, ಅವರ ಮಾತಿನಲ್ಲಿ ‘ಫುಲಾ’, ಹಾಕಿದರೇನೇ ಕವಂದಿ ಪೂರ್ತಿಯಾದಂತೆ. ಆ ಹೂವಿಲ್ಲದಿದ್ದರೆ ಅದು ಬೆತ್ತಲೆ ಎಂಬುದು ಅವರ ಭಾವನೆ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳ ಬಗ್ಗೆ ಕೆಲಸ ಮಾಡಿದರು. ಸಿದ್ದಿ ಹೆಂಗಸರ ಸಹಕಾರ ಗುಂಪೊಂದು ಹುಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆಯ ಮೇಲೆ ಯಲ್ಲಾಪುರದ ಕಾಡಿನ ಕವಂದಿಗಳು ತೂಗಿದವು. ಡೀ ಕೇಳಿದ್ದೂ ಇದನ್ನೇ. ಆದರೆ ಇಲ್ಲಿ ಗೋಡೆಗೆ ಹೋದ ಕವಂದಿಯ ಹಿಂದೆ ಇನ್ನೊಂದನ್ನು ಹೊಲಿಯಬಲ್ಲ ಕೈಗಳಿದ್ದವು. ಮಾರಿದ ಹಣ ಆ ಕೈಗಳಿಗೆ ಬರುವ ಏರ್ಪಾಡಿತ್ತು. ಮನೆಯ ಮಕ್ಕಳಿಗೆ ಹೊದೆಯಲು ಬೇರೆ ಕವಂದಿ ಇತ್ತು. ಹಾಗಾಗಿ ಗೋಡೆಯೇ ಶತ್ರು ಎಂದು ನಾನು ಒಪ್ಪಲಾರೆ. ಆದರೂ ಒಂದು ಅನುಮಾನ ಉಳಿಯುತ್ತದೆ. ಮನೆಯವರಿಗಾಗಿ ಹೊಲಿದ ಬೊಂತೆಯಲ್ಲಿ ಯಾರ ಸೀರೆ, ಯಾರ ಅಂಗಿ ಎಂಬುದಕ್ಕೆ ಅರ್ಥವಿದೆ. ದೂರದ ಗಿರಾಕಿಗಾಗಿ ಹೊಲಿದಾಗ ಬಣ್ಣ ಉಳಿಯುತ್ತದೆ, ಆ ಅರ್ಥವನ್ನು ಓದುವವರು ಇರುವುದಿಲ್ಲ. ವಾಕರ್ ತಮ್ಮ ಕಥೆಯ ಹೆಸರಿನ ಕೆಳಗೆ ‘ನಿನ್ನ ಅಜ್ಜಿಗೆ’ ಎಂಬ ಅರ್ಪಣೆ ಇಟ್ಟಿದ್ದಾರೆ. ನನ್ನ ಅಜ್ಜಿ ಎಂದಿಲ್ಲ, ಓದುವವರ ಅಜ್ಜಿ. ಬೊಂತೆಯ ತುಂಡುಗಳನ್ನು ಓದಬೇಕಾದವರು ಯಾರೆಂದು ಅವರು ಅಲ್ಲೇ ಸೂಚಿಸಿದಂತಿದೆ.

ಕಥೆಯ ಬಗ್ಗೆ ನನ್ನದೊಂದು ಆಕ್ಷೇಪವನ್ನೂ ಹೇಳಿಬಿಡುತ್ತೇನೆ. ಇಡೀ ಕಥೆಯಲ್ಲಿ ಯಾರೂ ಸೂಜಿಗೆ ನೂಲು ಪೋಣಿಸುವುದಿಲ್ಲ. ಕ್ವಿಲ್ಟ್ ಇದೆ, ಹೊಲಿದವರ ನೆನಪಿದೆ, ಮ್ಯಾಗಿಗೆ ಹೊಲಿಯಲು ಬರುತ್ತದೆ ಎಂಬ ತಾಯಿಯ ಮಾತಿದೆ. ಅವಳು ಹೊಲಿಯುವುದನ್ನು ನಾವು ನೋಡುವುದಿಲ್ಲ. ಡೀ ಹೊರಟುಹೋದ ಮೇಲೆ ತಾಯಿ ಮಗಳು ನಶ್ಯ ಹಿಡಿದುಕೊಂಡು, ಮಲಗುವ ಹೊತ್ತಿನವರೆಗೆ ಮನೆಯ ಮುಂದೆ ಸುಮ್ಮನೆ ಕೂರುತ್ತಾರೆ. ಚೆಂದದ ಕೊನೆ. ಆದರೆ ಇಡೀ ಕಥೆಯ ವಾದ ನಿಂತಿರುವುದು ಆ ಒಂದು ಮಾತಿನ ಮೇಲೆ. ಮ್ಯಾಗಿ ಮದುವೆಯಾಗಿ ಹೋದ ಮನೆಯಲ್ಲಿ ಅವಳಿಗೆ ಕೂತು ಹೊಲಿಯುವಷ್ಟು ಹೊತ್ತು ಸಿಕ್ಕಿತೇ, ಅವಳ ಮಗಳು ಕಲಿತಳೇ ಎಂಬ ಪ್ರಶ್ನೆಗಳನ್ನು ಕಥೆ ನಮ್ಮ ಪಾಲಿಗೆ ಬಿಟ್ಟು ಎದ್ದುಬಿಡುತ್ತದೆ.

ಕಳೆದ ವರ್ಷ ತರಗತಿಯಲ್ಲಿ ನಾನು ತೀರ್ಪು ಕೇಳಲಿಲ್ಲ. ನಿಮ್ಮಲ್ಲಿ ಎಷ್ಟು ಮಂದಿಗೆ ಬೊಂತೆ ಹೊಲಿಯಲು ಬರುತ್ತದೆ ಎಂದು ಕೇಳಿದೆ. ಒಂದು ಕೈಯೂ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಹುಡುಗಿ, “ಸಾರ್, ನಮ್ಮಜ್ಜಿಗೆ ಬರ್ತದೆ. ಆದ್ರೆ ಈಗ ಹೊಲಿಯಲ್ಲ. ಪಾಲಿಯೆಸ್ಟರ್ ಸೀರೆ ಜಾರ್ತದಂತೆ, ಮೈಗೂ ಹಿಡಿಸಲ್ವಂತೆ” ಎಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಏಕೆಂದರೆ ಅದಕ್ಕೂ ಸ್ವಲ್ಪ ಮೊದಲು ನಾನು ಅಮ್ಮನ ಬಳಿ ಹೋಗಿ, ಬರುವಷ್ಟನ್ನು ಕಲಿಸು, ಹೊಸದೊಂದು ಬೊಂತೆ ಹೊಲಿಯೋಣ ಎಂದು ಕೇಳಿದ್ದೆ. ಅವಳು ಬೀರು ತೆರೆದು ಅರ್ಧ ಗಂಟೆ ಹುಡುಕಿದಳು. ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆ ಎಂದು ಸಿಕ್ಕಿದ್ದು ಎರಡು ಸೀರೆ, ಅಪ್ಪನ ಒಂದು ಪಂಚೆ, ನನ್ನ ಮೂರು ಅಂಗಿ. “ಇಷ್ಟರಲ್ಲಿ ಮಗೂಗೊಂದ್ ಆಗ್ತದೆ ನೋಡು” ಎಂದಳು. ಕಣ್ಣು ಸರಿಯಾಗಿ ಕಾಣದ್ದರಿಂದ ನೂಲು ಪೋಣಿಸುವ ಕೆಲಸ ನನ್ನದಾಯಿತು. ಮೊದಲ ಸಾಲು ಅವಳು ಹಾಕಿದಳು, ಎರಡನೆಯದು ನಾನು. ನನ್ನದು ಸೊಟ್ಟಗೆ ಹೋಯಿತು. ಅವಳು ಬಿಚ್ಚಿಸಲಿಲ್ಲ. ಅಡಿಯ ಪದರದವರೆಗೂ ಸೂಜಿ ಇಳಿದಿದೆಯೇ ಎಂದು ಮಾತ್ರ ತಿರುಗಿಸಿ ನೋಡಿದಳು.